ನೂರ ಇಪ್ಪತ್ತೆರಡು

ದಕ್ಕೆಯ ಐಸ್ ಪ್ಲಾಂಟಿನ ಮೇಲುಗಡೆ ನನ್ನ ಕೋಣೆ.
ಗೋಡೆಗೆ ಮೊಟ್ಟೆಯ ಟ್ರೇ, ಕಿಟಿಕಿಗೆ ಹಳೆ ಹಾಸಿಗೆ.
ಆದರೂ ಕೆಳಗಿನ ಕಂಪ್ರೆಸರಿನ ಗುಂಯ್
ನೆಲದಿಂದ ಮೊಣಕಾಲಿಗೆ ಹತ್ತುತ್ತದೆ.
ಇಪ್ಪತ್ತು ನಿಮಿಷಕ್ಕೊಮ್ಮೆ ಸುಮ್ಮನಾಗುತ್ತದೆ,
ಆರೇ ನಿಮಿಷ.
ಯಾರನ್ನಾದರೂ ಹಾಡಿಸುವುದಿದ್ದರೆ ಅಷ್ಟರಲ್ಲೇ.

ಟ್ರ್ಯಾಕು ಎಂಟು ತಿಂಗಳಿಂದ ರೆಡಿ ಇತ್ತು.
ನಿಮಿಷಕ್ಕೆ ನೂರ ಇಪ್ಪತ್ತೆರಡು ಕಿಕ್ಕು,
ನಾಲ್ಕಕ್ಕೆ ನಾಲ್ಕೂ ನೆಟ್ಟಗೆ,
ಬೇಸು ದುಂಡಗೆ, ಎಣ್ಣೆ ಹಚ್ಚಿದ ಹಾಗೆ.
ಎಲ್ಲ ಇತ್ತು ಮಾರಾಯ್ರೆ, ಒಳಗೆ ಜನ ಇರಲಿಲ್ಲ.
ಬಾಡಿಗೆಗೆ ಹೋಗದ ಫ್ಲ್ಯಾಟಿನ ಹಾಗೆ
ಚಪ್ಪಾಳೆ ತಟ್ಟಿದರೆ ಚಪ್ಪಾಳೆಯೇ ವಾಪಸು.

ಸೆಲೆಸ್ತಿನ್ ಬಾಯಿ ಸಿಕ್ಕಿದ್ದು ಬೊಂದೇಲಿನ ಒಂದು ರೋಸಿನಲ್ಲಿ.
ಮೈಕಿನ ಕೆಲಸಕ್ಕೆ ಹೋದವ ನಾನು.
ಮದುಮಗನ ತಲೆಯಿಂದ ತೆಂಗಿನಹಾಲು ಇಳಿಯುತ್ತಿದ್ದಾಗ
ಹಿಂದಿನ ಸಾಲಿನಿಂದ, ಮೈಕೇ ಇಲ್ಲದೆ, ವೊವಿಯೊ ಎತ್ತಿದರು.
ಕೇಟರಿಂಗಿನ ಹುಡುಗರು ತಟ್ಟೆ ಹಿಡಿದು ನಿಂತುಬಿಟ್ಟರು.
ನನಗೆ ಕೊಂಕಣಿ ಬರುವುದು ಮೀನಿಗೆ ಚರ್ಚೆ ಮಾಡುವಷ್ಟು.
ಅರ್ಥ ಬಿಟ್ಟು ಬಾಕಿಯೆಲ್ಲ ಅರ್ಥವಾಯಿತು.

ಶನಿವಾರ ಬಂದರು,
ಒದ್ದೆ ಮೆಟ್ಟಿಲಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು.
ಗೇರುಬೀಜದ ಫ್ಯಾಕ್ಟರಿಯಲ್ಲಿ ಇಪ್ಪತ್ತೊಂಬತ್ತು ವರ್ಷ,
ಬೆರಳ ತುದಿ ಇನ್ನೂ ಕಪ್ಪು.
ಮೊದಲ ಮಾತು: "ಎಷ್ಟು ಕೊಡ್ತಿ ಪುತಾ?"
ಎರಡನೆಯದು: "ಬಿಸಿನೀರು ಉಂಟಾ?"
ಹೆಡ್‌ಫೋನು ಹಾಕಿ, ಕಣ್ಣು ಮುಚ್ಚಿ, ತುಂಬಾ ಹೊತ್ತು ಕೇಳಿ,
"ಇದೆಂತ, ಒಬ್ಬ ಬಾಗಿಲು ಬಡೀತಾ ಇದ್ದಾನೆ,
ಯಾರೂ ತೆಗೀತಾ ಇಲ್ಲ."

ಕಂಪ್ರೆಸರು ನಿಂತಿತು.
ಕೈ ತೋರಿಸಿದೆ.
ಅವರು ಬಾಗಿಲು ತೆಗೆದರು.

ರಾತ್ರಿ ಪರದೆಯ ಮೇಲೆ ಆ ಸ್ವರ ಹರಡಿ ಕೂತೆ.
ಪ್ರತಿ ಸಾಲೂ ಕಿಕ್ಕಿಗಿಂತ ಚೂರು ತಡ,
ಹೊರಟ ಬಸ್ಸನ್ನು ಕೈಯೆತ್ತಿ ನಿಲ್ಲಿಸಿ
ನಿಧಾನಕ್ಕೆ ಹತ್ತುವವರ ಹಾಗೆ.
ಒಂದೊಂದನ್ನೂ ಎಳೆದು ಗೆರೆಗೆ ಕೂರಿಸಿದೆ.
ಉಸಿರು ಕತ್ತರಿಸಿ ತೆಗೆದೆ,
ಲೆಕ್ಕ ಇಟ್ಟಿದ್ದೇನೆ, ನಲವತ್ತಮೂರು ಉಸಿರು.
ಬೆಳಗಿನ ಜಾವ ಕೇಳಿದರೆ
ಐಸಿನಲ್ಲಿಟ್ಟ ಬಂಗುಡೆ:
ಮಿರಿಮಿರಿ, ಸಾಲಾಗಿ, ಕಣ್ಣು ತೆರೆದು.

"ಚಂದ ಉಂಟು. ಯಾರು ಹಾಡಿದ್ದು?"
ತಮಾಷೆ ಅಲ್ಲ, ನಿಜಕ್ಕೂ ಕೇಳಿದರು.
ಆಗ ಕಂಡೆ, ಕುರ್ಚಿಯ ಕೆಳಗೆ ಅವರ ಬಲಗಾಲು
ಇಲ್ಲದ ಪೆಡಲನ್ನು ತುಳಿಯುತ್ತಿತ್ತು.
ಬೀಜ ಒಡೆಯುವಾಗ ಮೊದಲು ಕಾಲು, ಆಮೇಲೆ ಕೈಯಂತೆ.
ಒಟ್ಟಿಗೆ ಹಾಕಿದರೆ ತಿರುಳು ಚೂರು, ಸಂಬಳವೂ ಚೂರು.
ನಡುವೆ ಒಂದು ಕೂದಲಷ್ಟು ಬಿಟ್ಟರೆ
ಇಡೀ ಬೀಜ, ಬೆಳ್ಳಗೆ, ಅಂಗೈಗೆ.

ಅವರ ಎದುರೇ ಹಳೆ ಫೈಲು ತೆರೆದೆ.
ಹದಿನೇಳನೆಯ ಉಸಿರಿನ ಹಿಂದೆ ಕಂಪ್ರೆಸರು ಶುರುವಾಗುವ ಸದ್ದಿತ್ತು,
ಅದನ್ನೂ ಬಿಟ್ಟೆ.

ಆಮೇಲೆ ಹೆಸರಿನ ವಿಷಯ.
ಮೊದಲು ನನ್ನದು, ಮತ್ತೆ ಫೀಟ್, ಮತ್ತೆ ಅವರದ್ದು.
ಫೀಟ್ ಅಂದರೆ ಎಂತ, ಕೇಳಿದರು. ಅತಿಥಿ, ಅಂದೆ.
"ಈ ನಮೂನೆ ಹಾಡಿಗೆ ಎಂತ ಹೇಳುದು?"
"ಹೌಸ್."
"ಹೌಸ್ ಅಂದ್ರೆ ಮನೆ ಅಲ್ವಾ?
ಎಂಟು ತಿಂಗಳು ಒಲೆ ಹೊತ್ತಿಸದೆ ಇಟ್ಟಿದ್ದಿ.
ಇದರಲ್ಲಿ ನೆಂಟರು ಯಾರು ಪುತಾ?"
ಎರಡು ಸಾವಿರ ಎಣಿಸಿ ಕೊಟ್ಟೆ, ರಿಕ್ಷಾಕ್ಕೆ ಬೇರೆ.
ಅವರು ಇನ್ನೊಮ್ಮೆ ಎಣಿಸಿದರು.

ಡಿಸೆಂಬರಿನಲ್ಲಿ ತಣ್ಣೀರುಬಾವಿಯ ಮರಳಲ್ಲಿ ಹಾಕಿದೆ.
ಇನ್ನೂರು ಜನ ಇರಬಹುದು, ಅರ್ಧ ಇಂಜಿನಿಯರಿಂಗ್ ಹುಡುಗರು,
ನಾಯಿಗಳೂ ಇದ್ದವು.
ಮೂರನೇ ನಿಮಿಷದಲ್ಲಿ ಕಿಕ್ಕು ನಿಲ್ಲಿಸಿ
ಬರೀ ಅವರ ಉಸಿರು ಬಿಟ್ಟೆ.
ಇಡೀ ಗುಂಪು ಗೊತ್ತಿಲ್ಲದೆ ಅದೇ ಉಸಿರು ಎಳೆದುಕೊಂಡು
ಎತ್ತಿದ ಕಾಲು ಎತ್ತಿದಲ್ಲೇ, ಕಾಯಿತು.
ಅವರು ಬಂದಿರಲಿಲ್ಲ. ಕುಲಶೇಖರದಲ್ಲಿ ಇನ್ನೊಂದು ರೋಸು.

ವಿಡಿಯೊ ಕಳಿಸಿದೆ.
ಮರುದಿನ ಧ್ವನಿ ಸಂದೇಶ, ಹಿಂದೆ ಕುಕ್ಕರಿನ ಸೀಟಿ:
"ಕೇಳಿದೆ ಪುತಾ. ಚಂದ ಆಯ್ತು.
ಆ ಬಾಗಿಲು ಬಡಿಯುವವ ಇನ್ನೂ ಹೋಗ್ಲಿಲ್ವಾ?
ಒಳಗೆ ಬಾ ಅಂತ ಹೇಳು ಅವನಿಗೆ."